ಖಾಲಿ ಕರಡಿಗೆ

ಚಾಕು ನನ್ನ ಪಕ್ಕೆಲುಬಿಗೆ ತಾಗಿತ್ತು...

ಕೈಯಲ್ಲಿ ಅಣ್ಣನ ಬೆಳ್ಳಿ ಕರಡಿಗೆ ಇತ್ತು. ಮುಚ್ಚಳ ತೆಗೆದು ನೋಡಿದೆ.

ಒಳಗೆ ಕಿವಿಯೋಲೆ!

ಗಿರಾಕಿಗಳಿಗೆ ತೋರಿಸಲು ಯಾರೋ ಇಟ್ಟಿದ್ದ ಒಂದು ಜೊತೆ ಹಿತ್ತಾಳೆ ಓಲೆ. ಲಿಂಗ ಇರಲಿಲ್ಲ.

"ರಖ್ ದೇ," ಎಂದ ಚಾಕುವಿನವನು. ಇಟ್ಟುಬಿಡು ಅಂತ.

ನಾನು ಇಡಲಿಲ್ಲ. ಧೈರ್ಯ ಅಂದುಕೊಳ್ಳಬೇಡಿ. ಬೆಳಗಿನಿಂದ ನನಗೆ ಏನೂ ಅನಿಸುತ್ತಿರಲಿಲ್ಲ. ಚಹಾಕ್ಕೆ ರುಚಿ ಇರಲಿಲ್ಲ, ಸಿಗರೇಟಿಗೂ ಇರಲಿಲ್ಲ. ಅಣ್ಣ ಸತ್ತಿದ್ದ. ಅದೊಂದು ಗೊತ್ತಿತ್ತು, ಅಷ್ಟೇ.

ಮೊದಲಿನಿಂದ ಹೇಳುತ್ತೇನೆ. ಇಲ್ಲದಿದ್ದರೆ ಒಂದು ಡಬ್ಬಿಗಾಗಿ ಈ ಮನುಷ್ಯ ಚಾಕುವಿಗೆ ಮೈಯೊಡ್ಡಿದನಲ್ಲ, ತಲೆ ಕೆಟ್ಟಿದೆಯೇ ಎನ್ನುತ್ತೀರಿ.

ನನ್ನ ಹೆಸರು ಗುರುಶಾಂತ. ಹೈದರಾಬಾದಿನಲ್ಲಿ ಸೆಟ್ಲ್‌ಮೆಂಟ್ ಮಾಡುತ್ತೇನೆ. ಕೋರ್ಟಿಗೆ ಹೋದರೆ ವರ್ಷಗಟ್ಟಲೆ ಎಳೆಯುವ ಜಗಳವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸುವ ಕೆಲಸ. ಮಾತಿನಲ್ಲಿ ಮುಗಿದರೆ ಮಾತು... ಇಲ್ಲದಿದ್ದರೆ ಸದ್ದಿಲ್ಲದೆ ಹಿಂದಿನಿಂದ ಹೋಗಿ ನಿಲ್ಲುವುದು.

ಅಣ್ಣ ಚನ್ನಬಸಪ್ಪ ಇದಕ್ಕೆ ಪೂರಾ ಉಲ್ಟಾ. ಡಿಫೆನ್ಸ್ ಫ್ಯಾಕ್ಟರಿಯಲ್ಲಿ ಫೋರ್‌ಮನ್ ಆಗಿದ್ದವನು. ಸ್ನಾನ, ಲಿಂಗಪೂಜೆ, ಆಮೇಲೆ ಉಪ್ಪಿಟ್ಟು. ಒಂದು ದಿನ ತಪ್ಪಿದ್ದಿಲ್ಲ. ಸಿಕ್ಕಾಗಲೆಲ್ಲ ಒಂದೇ ಮಾತು, ಈ ಧಂದೆ ಬಿಡೋ ಅಂತ. ನಾನು ನಕ್ಕು ಎದ್ದು ಬರುತ್ತಿದ್ದೆ.

ಅಜ್ಜ ನಮ್ಮಿಬ್ಬರಿಗೂ ಒಂದೇ ಅಚ್ಚಿನ ಬೆಳ್ಳಿ ಕರಡಿಗೆ ಮಾಡಿಸಿದ್ದ. ಇಷ್ಟಲಿಂಗ ಇಟ್ಟು ಕೊರಳಿಗೆ ಕಟ್ಟಿಕೊಳ್ಳುವ ಪುಟ್ಟ ಡಬ್ಬಿ. ನಮ್ಮವರಿಗೆ ಅದು ಮೈಯ ಭಾಗ. ಹಿಮಾಯತ್‌ನಗರದ ಅಂಗಡಿಯವರಿಗೆ ಅದು ವಿಂಟೇಜ್ ಬಾಕ್ಸ್... ಡ್ರಾಯಿಂಗ್ ರೂಮಿನ ಟೀಪಾಯಿ ಮೇಲೆ ಇಡುವ ಶೋಕಿ ಸಾಮಾನು. ಒಳಗೆ ಏಲಕ್ಕಿ ಹಾಕಿದರೂ ಸರಿ, ಓಲೆ ಹಾಕಿದರೂ ಸರಿ.

ಅಣ್ಣನನ್ನು ಆಸ್ಪತ್ರೆಗೆ ಸೇರಿಸಿದಾಗ, ಸ್ಕ್ಯಾನಿಂಗಿಗೆ ಮೈಮೇಲಿನ ಲೋಹವೆಲ್ಲ ತೆಗೆಯಿರಿ ಎಂದರು. ಕರಡಿಗೆ ಮಗ ನಿತಿನನ ಕೈಗೆ ಬಂತು. ಕೋಚಿಂಗ್ ಸೆಂಟರಿನಲ್ಲಿ ಪಾಠ ಹೇಳುವವನು, ಬುದ್ಧಿವಂತ. ಬೆಳ್ಳಿ ಕಪ್ಪಾಗಿದೆ, ಅಪ್ಪ ಮನೆಗೆ ಬರುವ ಹೊತ್ತಿಗೆ ಫಳಫಳ ಹೊಳೆಯಲಿ ಅಂದುಕೊಂಡ. ಹಳೇ ಡಬ್ಬಿಗಳನ್ನು ಮಾರುವ ರವಿಶಂಕರ್ ಎಂಬವನ ಅಂಗಡಿಯಲ್ಲಿ ಪಾಲಿಶ್‌ಗೆ ಕೊಟ್ಟ.

ಲಿಂಗ ಸಮೇತ!

ಅವನನ್ನು ಬೈಯಬೇಡಿ. ನಮ್ಮ ಮನೆಯಲ್ಲಿ ಒಬ್ಬರ ಕರಡಿಗೆಯನ್ನು ಇನ್ನೊಬ್ಬರು ತೆರೆಯುವುದಿಲ್ಲ. ಚಿಕ್ಕಂದಿನಿಂದ ಅದನ್ನೇ ಹೇಳಿ ಬೆಳೆಸಿದ್ದೆವು. ಹಾಗಾಗಿ ಅವನು ತೆರೆಯಲಿಲ್ಲ. ಅಪ್ಪನಿಗೆ ಮರ್ಯಾದೆ ಕೊಡಲು ಹೋಗಿಯೇ ಹುಡುಗ ಕೆಟ್ಟ. ಕೇಳಲು ಹೋದಾಗಲೆಲ್ಲ ರವಿಶಂಕರ್ ಇವತ್ತು, ನಾಳೆ ಅಂತ ತಳ್ಳುತ್ತಿದ್ದ. ಅಷ್ಟರಲ್ಲಿ ಅಣ್ಣ ಹೋಗಿಬಿಟ್ಟ.

ನಾರಾಯಣಗೂಡದ ಮನೆಯಲ್ಲಿ ಅಣ್ಣನಿಗೆ ವಿಭೂತಿ ಹಚ್ಚಿ ಕೂರಿಸಿದ್ದರು. ನಮ್ಮಲ್ಲಿ ಕೂರಿಸಿಯೇ ಮಣ್ಣು ಮಾಡುವುದು. ಎಡಗೈಯಲ್ಲಿ ಅವನ ಲಿಂಗ ಇಟ್ಟು ಕಳಿಸಬೇಕು. ಆ ಕೈ ಖಾಲಿ ಇತ್ತು. ಹೊತ್ತು ಮುಳುಗುವುದರೊಳಗೆ ಎತ್ತಬೇಕು, ಹೊಸ ಲಿಂಗ ಇಟ್ಟರೂ ನಡೆಯುತ್ತದೆ ಎಂದರು ನಮ್ಮ ಮನೆತನದ ಸ್ವಾಮಿಗಳು ಅಮರಯ್ಯನವರು. ಅಣ್ಣನ ಹೆಂಡತಿ ಗುಣವತಿ ವೈನಿ ಒಪ್ಪಲಿಲ್ಲ.

"ಹೊಸಾದು ಬ್ಯಾಡ್ರಿ. ದಿನಾ ಮುಂಜಾನೆ ಅವ್ರ ಕೈಯಾಗ ನಾ ನೋಡಿದ್ದು ಅದನ್ನ. ಅದನ್ನ ಕೊಟ್ಟ ಕಳಸ್ತೀನಿ."

ಕರಡಿಗೆ ಬೀರುವಿನಲ್ಲಿದೆ, ಕೀಲಿ ಸಿಗುತ್ತಿಲ್ಲ ಎಂದು ಮಗ ಹೇಳಿದ್ದನ್ನು ಆಕೆ ನಂಬಿದ್ದಳು. ನಿತಿನ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಎಲ್ಲ ಹೇಳಿದ. ಅವನ ತುಟಿ ಒಣಗಿತ್ತು.

"ಕಾಕಾ, ನನ್ನಿಂದ ಅಪ್ಪ ಬರಿಗೈಲೆ ಹೋದ್ರ, ನಾ ಇದ್ದು ಏನ್ ಮಾಡ್ಲಿ?"

ಸಾಯುವ ಮಾತು ಆಡುವವರನ್ನು ನನ್ನ ಕಸುಬಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಯಾವುದು ನಾಟಕ, ಯಾವುದು ನಿಜ ಎಂದು ಗೊತ್ತಾಗುತ್ತದೆ. ಇದು ನಿಜ.

ಬೈಕ್ ಹತ್ತಿದೆ.

ಹಿಮಾಯತ್‌ನಗರದಲ್ಲಿ ಶಟರ್ ಎಳೆದಿತ್ತು. ಜನವರಿಯಲ್ಲವೇ, ಮಾಲೆಲ್ಲ ನಾಂಪಲ್ಲಿ ಎಕ್ಸಿಬಿಷನ್ನಿನ ಸ್ಟಾಲಿಗೆ ಹೋಗಿದೆ ಎಂದ ಪಕ್ಕದ ಅಂಗಡಿಯವನು. ಅಲ್ಲಿ ಗೇಟು ಇನ್ನೂ ತೆರೆದಿರಲಿಲ್ಲ. ಎಲೆಕ್ಟ್ರಿಷಿಯನ್ ಎಂದು ಹೇಳಿ ಒಳಗೆ ನುಗ್ಗಿದೆ.

ಸ್ಟಾಲಿನ ತುಂಬ ಡಬ್ಬಿಗಳು! ಎಲೆ ಅಡಿಕೆ ಇಡುವ ಬಿದರಿ ಕೆಲಸದ ಪಾನ್‌ದಾನ್, ಅತ್ತರಿನ ಪೆಟ್ಟಿಗೆ, ಯಾರದೋ ಅಜ್ಜಿಯ ಕುಂಕುಮದ ಭರಣಿ. ನಡುವೆ ಅಣ್ಣನ ಕರಡಿಗೆ. ಕೊರಳಿಗೆ ಕಟ್ಟುವ ಅದರ ಶಿವದಾರಕ್ಕೇ ಬೆಲೆಚೀಟಿ ಕಟ್ಟಿದ್ದ. ಎತ್ತಿಕೊಂಡೆ. ಹಿಂದಿನಿಂದ ಚಾಕು ಬಂತು.

ರವಿಶಂಕರ್ ಕುರ್ಚಿಯಿಂದ ಏಳಲೂ ಇಲ್ಲ.

"ಒಳಗಿದ್ದದ್ದು ಎಲ್ಲಿ?" ಹಿಂದಿಯಲ್ಲಿ ಕೇಳಿದೆ.

ಅವನು ಮೇಜಿನ ಕೆಳಗೆ ಕೈ ತೋರಿಸಿದ. ಹಾಸಿದ ಪೇಪರು. ಪಕ್ಕದಲ್ಲಿ ಸುತ್ತಿಗೆ. ಪೇಪರಿನ ಮೇಲೆ ಲಿಂಗದ ಕಪ್ಪು ಲೇಪದ ಪುಡಿ, ಒಳಗಿನ ಒಡೆದ ಕಲ್ಲು...

"ಹೀರಾ ಹೈ ಸಮ್ಝಾ ಭಾಯ್. ಪತ್ಥರ್ ನಿಕ್ಲಾ."

ವಜ್ರ ಇದೆ ಅಂದುಕೊಂಡನಂತೆ. ಕಲ್ಲು ಸಿಕ್ಕಿತಂತೆ.

ಬೇರೆ ದಿನವಾಗಿದ್ದರೆ ಅವನ ದವಡೆ ಕೈಗೆ ಬರುತ್ತಿತ್ತು. ಅವತ್ತು ನನ್ನ ಕೈ ಏಳಲಿಲ್ಲ. ಸಿಟ್ಟೂ ಬರಲಿಲ್ಲ. ಮಂಡಿಯೂರಿ ಕೂತೆ. ಬಗ್ಗುವಾಗ ಚಾಕು ಅಂಗಿ ಹರಿದು ಚರ್ಮಕ್ಕೆ ಇಳಿಯಿತು. ನೋವು ಬೇರೆ ಯಾರಿಗೋ ಆದ ಹಾಗಿತ್ತು. ಚೂರುಗಳನ್ನೆಲ್ಲ ಕರ್ಚೀಫಿಗೆ ಬಳಿದುಕೊಂಡೆ, ಪುಡಿಯನ್ನೂ ಬಿಡದೆ.

ಆಮೇಲೆ ಪಾನ್‌ದಾನ್ ತೆಗೆದು ಚಾಕುವಿನವನ ಮೊಣಕಾಲಿಗೆ ಬೀಸಿದೆ!

ಓಡಿದೆ. ರವಿಶಂಕರ್ ಸೀಟಿ ಹೊಡೆದ. ಇನ್ನಿಬ್ಬರು ಎದ್ದು ಬಂದರು. ಬಳೆ ಅಂಗಡಿ, ಉಪ್ಪಿನಕಾಯಿ ಅಂಗಡಿ, ಪುಟಾಣಿ ರೈಲಿನ ಹಳಿ... ನಿಂತ ಜಯಂಟ್ ವ್ಹೀಲಿನ ಹತ್ತಿರ ಉಸಿರು ಕಟ್ಟಿತು. ಹಿಂದೆ ಅವರಿಬ್ಬರು, ಕುಂಟುತ್ತ ಚಾಕುವಿನವನೂ. ಗೇಟು ಇನ್ನೂ ದೂರ.

ಕರಡಿಗೆಯನ್ನು ಅವರ ಕಡೆಗೆ ಎಸೆದೆ.

ಬೆಳ್ಳಿ ಸಿಮೆಂಟಿನ ಮೇಲೆ ಠಣಠಣ ಉರುಳಿತು. ಮೂವರೂ ಅದರ ಹಿಂದೆ ಬಗ್ಗಿದರು. ಅವರಿಗೆ ಬೇಕಾದದ್ದು ಅದು. ನನಗೆ ಬೇಕಾದದ್ದು ಕರ್ಚೀಫಿನಲ್ಲಿತ್ತು, ಪುಡಿಪುಡಿಯಾಗಿ.

ನಾರಾಯಣಗೂಡದ ಒಂದು ಕಾಲೇಜಿನ ಗೋಡೆ ಪಕ್ಕ ಬೈಕ್ ನಿಲ್ಲಿಸಿದೆ. ಬಿಸಿಲು ಕೆಂಪಾಗಿತ್ತು. ಚೂರುಗಳನ್ನು ತೋರಿಸಿದರೆ ನಿತಿನ ಉಳಿಯುವುದಿಲ್ಲ. ತೋರಿಸದಿದ್ದರೆ ಅಣ್ಣನ ಕೈ ಖಾಲಿ.

ನನ್ನ ಕೊರಳಲ್ಲೂ ಒಂದು ಕರಡಿಗೆ ಇತ್ತಲ್ಲ... ಕಟ್ಟಿಕೊಂಡಿದ್ದೆ, ಪೂಜೆ ಮಾಡಿದವನಲ್ಲ. ತೆರೆದು ಎಷ್ಟು ಕಾಲವಾಗಿತ್ತೋ, ಮುಚ್ಚಳ ಹಿಡಿದುಕೊಂಡಿತ್ತು. ಉಗುರು ಮುರಿಯಿತು. ನನ್ನ ಲಿಂಗ ತೆಗೆದೆ. ಅಣ್ಣನ ಚೂರುಗಳನ್ನು ಅಲ್ಲಿ ತುಂಬಿ ಮುಚ್ಚಿದೆ.

ಮನೆಯಲ್ಲಿ, ಡಬ್ಬಿ ಹೋಯಿತು, ಇದು ಸಿಕ್ಕಿತು ಎಂದು ನನ್ನ ಲಿಂಗವನ್ನು ನಿತಿನನ ಕೈಗಿಟ್ಟೆ. ಅವನು ಅದನ್ನು ಎದೆಗೆ ಒತ್ತಿಕೊಂಡು ಅತ್ತ. ಅಪ್ಪನ ಎಡಗೈಯಲ್ಲಿ ಅವನೇ ಇಟ್ಟ.

ವೈನಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಅಣ್ಣನ ಲಿಂಗ ದಿನಾ ನೀರು ಕಂಡು ನುಣುಪಾಗಿತ್ತು. ಇದಕ್ಕೆ ಧೂಳು ಕೂತಿತ್ತು. ಆಕೆ ನನ್ನ ಕಡೆ ತಿರುಗಲಿಲ್ಲ. ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು. ಗಂಡನ ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಿಸಿದಳು. ನಡೀರಿ ಎಂದಳು.

ಹೊತ್ತು ಮುಳುಗುವ ಮುಂಚೆ ಮಣ್ಣಾಯಿತು.

ಎಲ್ಲರೂ ಹೋದ ಮೇಲೆ ವೈನಿ ನನ್ನ ಹತ್ತಿರ ಬಂದಳು. ಆಕೆ ಮದುವೆಯಾಗಿ ಬಂದಾಗ ನಾನು ಚಡ್ಡಿ ಹಾಕುತ್ತಿದ್ದವನು. ಅಂಗಿಯ ರಕ್ತ ನೋಡಿದಳು.

"ಗುರುಶಾಂತ, ನಾಳೆ ಅಮರಯ್ಯಾರ ಕಡೆ ಹೋಗು. ನಿನಗೊಂದು ಹೊಸಾದು ಕಟ್ಟಿಸ್ಕೋ. ನಿತಿನಗ ಗೊತ್ತಾಗಬಾರ್ದು."

ಹೂಂ ಎಂದೆ. ಅಳು ಬರುತ್ತದೆ ಅಂದುಕೊಂಡೆ. ಬರಲಿಲ್ಲ. ಗಾಯ ಮಾತ್ರ ಆಗ ಉರಿಯಲು ಶುರುವಾಯಿತು.

ಇನ್ನೂ ಹೋಗಿಲ್ಲ. ಕೊರಳಲ್ಲಿ ಅದೇ ಕರಡಿಗೆ, ಒಳಗೆ ಅದೇ ಚೂರುಗಳು. ಒಂದು ಹೆಜ್ಜೆ ಇಟ್ಟರೆ ಸಾಕು, ಗಲಗಲ ಅನ್ನುತ್ತವೆ. ಸದ್ದಿಲ್ಲದೆ ಯಾರ ಬೆನ್ನ ಹಿಂದೆಯೂ ಹೋಗಿ ನಿಲ್ಲಲಾಗುವುದಿಲ್ಲ.

ಅಣ್ಣ ಕೊನೆಗೂ ನನ್ನ ಧಂದೆ ಬಿಡಿಸಿದ.