ಪಕ್ಕದ ಕುಂಡದ ಬೇರು

"ಆ ಕತ್ತರಿ ಕೆಳಗಿಡಿ."

ಗಾಜಿನ ಮನೆಯ ಬಾಗಿಲಲ್ಲಿ ನಿಂತವಳ ಮಾತಿಗೆ, ಹುಲ್ಲಿನ ಕುಂಡದ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ ಅಪರಿಚಿತ ತಲೆಯೆತ್ತಿದ.

"ಮುಖ್ಯಸ್ಥರು ಕಳಿಸಿದ್ದಾರೆ. ಬೇರಿನ ತುದಿ ಬೇಕು, ವರ್ಣತಂತು ಎಣಿಸೋಕೆ."

"ನಾನಾಗ್ಲೇ ಎಣಿಸಿದೀನಿ."

"ಅದಕ್ಕೇ ಇನ್ನೊಬ್ಬರು ಎಣಿಸ್ಬೇಕಂತೆ."

ಅವಳಿಗೆ ಮೈಯೆಲ್ಲ ಉರಿಯಿತು. ಪ್ರಯೋಗಾಲಯದವರೆಲ್ಲ 'ಹುಲ್ಲಮ್ಮ' ಎಂದು ರೇಗಿಸುವಷ್ಟು ಅಕ್ಕರೆಯಿಂದ ಸಾಕಿದ ಕುಂಡಗಳವು.

"ಒಂದು ಎಸಳು ಬಾಡಿದ್ರೂ ನಿಮ್ಮನ್ನ ಸುಮ್ಮನೆ ಬಿಡಲ್ಲ."

"ಗಿಡಕ್ಕೇ ಗೊತ್ತಾಗದ ಹಾಗೆ ತಗೋತೀನಿ," ಎಂದ ಅವನು. ಕಣ್ಣಲ್ಲಿ ಸಣ್ಣ ನಗು... ಆ ನಗು ಮನೆಯವರೆಗೂ ಅವಳ ಬೆನ್ನು ಬಿಡಲಿಲ್ಲ.

ಫೋನಿನಲ್ಲಿ ದೂರು ಕೇಳಿದ ಅಕ್ಕ, "ಇಷ್ಟು ಹೊತ್ತು ಬೈತಿದೀಯ ಅಂದ್ರೆ ಆಸಾಮಿ ಪರವಾಗಿಲ್ಲ. ಊಟಕ್ಕೆ ಕರ್ಕೊಂಡು ಬಾರೇ," ಎಂದಳು.

ವಾರ ಕಳೆಯಿತು. ಮುಖ್ಯಸ್ಥರ ಕೋಣೆಯಲ್ಲಿ ಅವನು ತಲೆ ತಗ್ಗಿಸಿ ನಿಂತಿದ್ದ.

"ಬೆಟ್ಟದ ಹುಲ್ಲಲ್ಲೂ ಹದಿನಾಲ್ಕು ವರ್ಣತಂತು. ಎರಡೇ ಸೆಟ್," ಎಂದ.

ಅವಳು ಅವನ ಕೈಲಿದ್ದ ವರದಿ ಕಿತ್ತುಕೊಂಡು ಓದಿದಳು. ಬಯಲಿನ ಹುಲ್ಲಿನ ಪ್ರತಿ ಕೋಶದಲ್ಲೂ ಏಳೇಳು ವರ್ಣತಂತುಗಳ ಎರಡು ಸೆಟ್, ಬೆಟ್ಟದ ನೆತ್ತಿಯಲ್ಲಿರುವ ಅದರ ದಾಯಾದಿಗೆ ನಾಲ್ಕು. ಮನೆಯಲ್ಲಿ ಕೈಗಳು ಹೆಚ್ಚಿದ್ದರೆ ಕೆಲವು ಹಳೆಯ ಕೆಲಸ ನೋಡಿಕೊಂಡು, ಉಳಿದವು ಹೊಸದನ್ನು ಕಲಿಯಬಹುದು. ಹಾಗೆಯೇ ಆ ಹೆಚ್ಚಿನ ಪ್ರತಿಗಳಿಂದಲೇ ಬೆಟ್ಟದ ಹುಲ್ಲು ಹಿಮವನ್ನು ತಡೆದುಕೊಳ್ಳುತ್ತದೆ ಎಂಬುದು ಅವಳ ವಾದ. ವರ್ಷಗಳ ದುಡಿಮೆಯೆಲ್ಲ ಆ ನಾಲ್ಕರ ಮೇಲೆ ನಿಂತಿತ್ತು.

"ನಾಳೆ ಮಂಡಳಿ ಸೇರುತ್ತೆ. ಲೆಕ್ಕ ತಾಳೆಯಾಗದಿದ್ರೆ ಈ ಕೆಲಸ ನಿಲ್ಲಿಸ್ಬೇಕಾಗುತ್ತೆ, ನೋಡಮ್ಮ," ಎಂದರು ಮುಖ್ಯಸ್ಥರು.

'ಆ ನಗುವನ್ನು ನಂಬಿಬಿಟ್ಟಿದ್ದೆನಲ್ಲ...'

ಗಾಜಿನ ಮನೆಗೆ ನಡೆದ ಅವಳ ಹಿಂದೆಯೇ ಅವನೂ ಬಂದ.

"ಒಂದ್ನಿಮಿಷ..."

"ಇನ್ನೇನು ಎಣಿಸೋದಿದೆ? ನನ್ನ ಕಣ್ಣೀರಾ?"

"ಕಂಡಿದ್ದನ್ನೇ ಹೇಳ್ದೆ. ಸುಳ್ಳು ಹೇಳಿದ್ರೆ ನೀವೇ ನನ್ನ ಮುಖ ನೋಡ್ತಿರಲಿಲ್ಲ."

"ಈಗ್ಲೂ ನೋಡಲ್ಲ."

ಮುಖ ತಿರುಗಿಸಿ, ಒದ್ದೆ ಮರಳಿನ ತಟ್ಟೆಯಿಂದ ಬೆಟ್ಟದ ಹುಲ್ಲಿನ ಕುಂಡವನ್ನು ಎತ್ತಹೋದಳು. ಬರಲಿಲ್ಲ. ಜಗ್ಗಿದಳು. ಪಕ್ಕದಲ್ಲಿದ್ದ ಬಯಲು ಹುಲ್ಲಿನ ಕುಂಡವೂ ವಾಲಿತು.

ಇಬ್ಬರೂ ಬಗ್ಗಿ ನೋಡಿದರು.

ಅವನು ಮೆಲ್ಲಗೆ ಮರಳು ಸರಿಸಿದ. ಬಯಲು ಹುಲ್ಲಿನ ಬಿಳಿ ಬೇರೊಂದು ತನ್ನ ಕುಂಡದ ತೂತಿನಿಂದ ಹೊರಬಂದು, ಮರಳಿನಡಿ ತೆವಳಿ, ಬೆಟ್ಟದ ಹುಲ್ಲಿನ ಕುಂಡದ ತೂತಿನೊಳಗೆ ನುಗ್ಗಿತ್ತು.

ಅವನ ಮುಖ ಬಿಳಿಚಿಕೊಂಡಿತು. "ನಾನು ತುದಿ ಕತ್ತರಿಸಿದ್ದು... ಈ ತೂತಿನ ಹತ್ತಿರವೇ. ಅಲ್ಲಿದ್ದದ್ದು ಈ ಬಯಲು ಹುಲ್ಲಿನ ಕವಲು ಬೇರು."

"ಮಣ್ಣು ಬಿಡಿಸಿ, ಬುಡದಿಂದ ನೋಡ್ಕೊಂಡು ತಗೋಬೇಕು ಅಂತ ಗೊತ್ತಿಲ್ವಾ?"

"ಗೊತ್ತು. ಬಿಡಿಸಿದ್ರೆ ಗಿಡಕ್ಕೆ ಪೆಟ್ಟಾಗುತ್ತೆ. ನಿಮಗೆ ನೋವಾಗುತ್ತೆ... ಅಂತ."

ಅವಳು ಆ ಬೇರನ್ನು ಬಿಡಿಸಿ, ಬೆಟ್ಟದ ಹುಲ್ಲಿನ ಕುಂಡವನ್ನು ಅವನ ಮುಂದಿಟ್ಟಳು.

ಈ ಸಲ ಅವಳೇ ಮಣ್ಣು ಬಿಡಿಸಿ, ಬುಡದಿಂದ ಜಾಡು ಹಿಡಿದು ಬೇರು ಆರಿಸಿಕೊಟ್ಟಳು. ವರ್ಣತಂತು ಕಾಣುವಂತೆ ತುದಿಗೆ ಬಣ್ಣ ಹತ್ತುವಷ್ಟರಲ್ಲಿ ಸಂಜೆಯಾಗಿತ್ತು.

"ನೀವೇ ನೋಡಿ," ಎಂದು ಸೂಕ್ಷ್ಮದರ್ಶಕವನ್ನು ಅವನತ್ತ ತಿರುಗಿಸಿದಳು. "ನಾನು ಎಣಿಸಿದ್ರೆ ನಾಳೆ ಯಾರೂ ನಂಬಲ್ಲ."

ಅವನ ತುಟಿಗಳು ಸದ್ದಿಲ್ಲದೆ ಅಲುಗಿದವು. ನಿಂತವು. ಮತ್ತೆ ಮೊದಲಿನಿಂದ...

"ಇಪ್ಪತ್ತೆಂಟು," ಎಂದ ಅವನು. "ನಾಲ್ಕು ಸೆಟ್."

ಅವಳು ಸ್ಟೂಲೆಳೆದು ಅವನ ಪಕ್ಕ ಕುಳಿತಳು.

"ತಪ್ಪು ನಂದು ಅಂತ ನಾಳೆ ಮಂಡಳಿ ಮುಂದೆ ನಾನೇ ಹೇಳ್ತೀನಿ."

"ನಿಮ್ಮ ಹೆಸರು ಕೆಡುತ್ತೆ."

"ಕೆಡಲಿ. ನೀವು ಆ ಹುಲ್ಲನ್ನ ನೋಡೋ ಹಾಗೆ ನನ್ನನ್ನೂ ನೋಡಿದ್ರೆ... ಅಂತ ಮೊದಲ ದಿನವೇ ಅನ್ನಿಸ್ತು. ಅಲ್ಲೇ ಕೈ ತಪ್ಪಿದ್ದು."

ಅವಳು ಸೂಕ್ಷ್ಮದರ್ಶಕದ ದೀಪ ಆರಿಸಿದಳು.

"ನಮ್ಮಕ್ಕ ನಿಮ್ಮನ್ನ ಊಟಕ್ಕೆ ಕರೀತಿದ್ದಾಳೆ."

"ಯಾವಾಗಿಂದ?"

"ನೀವು ಕತ್ತರಿ ಹಿಡ್ಕೊಂಡು ಬಂದ ದಿನದಿಂದ."

"ಮತ್ತೆ ಹೇಳ್ಲೇ ಇಲ್ಲ?"

ಅವಳು ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು.

"ನಾನೂ ಕರೀಬೇಕು ಅನ್ನಿಸೋವರೆಗೆ ಕಾಯ್ತಿದ್ದೆ."