ನಾಯಕಿಯ ಹಿಂದೆ ನಿಂತವಳು

ಮೂವತ್ತು ವರ್ಷ ಥಿಯೇಟರಿನಲ್ಲಿ ಪ್ರೊಜೆಕ್ಟರ್ ಓಡಿಸಿ ದಣಿದವನು ನಾನು. ಇಲ್ಲದ್ದನ್ನು ಕಟ್ಟಿ ಹೇಳುವಷ್ಟು ತ್ರಾಣವೂ ಈಗ ಉಳಿದಿಲ್ಲ. ಆ ವಾರ ಬೆಳಗಿನ ಆಟಕ್ಕೆ ಹಳೆಯ ಕಪ್ಪು-ಬಿಳುಪು ಹಾಲಿವುಡ್ ಚಿತ್ರ ಹಾಕಿದ್ದೆವು. ಅದರ ನಾಯಕಿಯೆಂದರೆ ನನ್ನ ಹೆಂಡತಿಗೆ ಪ್ರಾಣ. ದಿನವೂ ಬಂದು ಖಾಲಿ ಹಾಲಿನಲ್ಲಿ ಒಬ್ಬಳೇ ಕೂರುತ್ತಿದ್ದಳು.

ಮೂರನೇ ದಿನ ಅವಳೆಂದಳು: “ರೀ, ನಾಯಕಿ ಹಿಂದೆ ಮೆಟ್ಟಿಲ ಮೇಲೆ ಒಬ್ಬಳು ನಿಂತಿರ್ತಾಳಲ್ಲ, ನನ್ನನ್ನೇ ನೋಡ್ತಾಳೆ. ದಿನಾ ಒಂದೊಂದು ಮೆಟ್ಟಿಲು ಕೆಳಗೆ ಬರ್ತಿದಾಳೆ.”

“ರೀಲು ಅದೇ ಕಣೇ, ಹೇಗೆ ಬದಲಾಗುತ್ತೆ?”

“ಅದನ್ನೇ ನಾನೂ ಕೇಳ್ತಿರೋದು.”

ಮರುದಿನ ಕಿಂಡಿಯಿಂದ ನೋಡಿದೆ. ಸದಾ ಕಾದಿರುವ ಮಷೀನ್ ರೂಮು ತಣ್ಣಗಿತ್ತು. ನಾಯಕಿಯ ಹಿಂದೆ ಯಾರೂ ಇರಲಿಲ್ಲ. ನಮ್ಮ ಸ್ಪ್ರಿಂಗ್ ಸೀಟುಗಳು ಕೂತವರು ಎದ್ದರೆ ತಾವೇ ಮಡಚಿಕೊಳ್ಳುತ್ತವೆ. ಹೆಂಡತಿಯ ಪಕ್ಕದ ಸೀಟು ಮಡಚಿಕೊಂಡಿರಲಿಲ್ಲ.