ಗಾಜಿನೊಳಗಿನ ಹಾಜರಿ

ಯಂತ್ರದ ಸೂಜಿಯಂಥ ಬೆಳಕು ಒಡೆದ ಗಾಜಿನ ಅಂಚಿನ ಮೇಲೆ ತೆವಳಿದಂತೆ ಪ್ರಯೋಗಶಾಲೆಯಲ್ಲಿ ಮೊದಲು ಒಂದು ಹಾರ್ನ್ ಕೇಳಿಸಿತು. ಆಮೇಲೆ ಎಂಜಿನ್ನಿನ ಗುರುಗುರು. ಎಪ್ಪತ್ತು ದಾಟಿದ ಓಬಳಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಿಲ್ಲಿಸಲೇನಮ್ಮಾ?" ಎಂದರು ವಿಜ್ಞಾನಿ ಶಾಹೀನ್.

"ಮೂವತ್ತೆರಡು ವರ್ಷ ಚೀಲದಾಗ ಕಟ್ಟಿ ಇಟ್ಟೀನಿ. ಈಗ್ಯಾಕ ನಿಲ್ಲಿಸ್ತಿ? ಓಡ್ಸು."

ಗಾಜಿನಲ್ಲಿ ಬಿರುಕು ಮುಂದುವರಿಯುವಾಗ ಸುತ್ತಲಿನ ಸದ್ದು ಅದನ್ನು ಅಲುಗಿಸುತ್ತದೆ. ಆ ಅಲುಗಾಟ ಬಿರುಕಿನ ಗೋಡೆಯ ಮೇಲೆ ಕೂದಲಿಗಿಂತ ಸಣ್ಣ ಗೆರೆಗಳಾಗಿ ಉಳಿಯುತ್ತದೆ. ಶಾಹೀನರ ಯಂತ್ರ ಆ ಗೆರೆಗಳನ್ನು ಓದಿ ಮತ್ತೆ ಸದ್ದಾಗಿಸುತ್ತದೆ. ಒಮ್ಮೆಲೇ ಒಡೆದ ಗಾಜು ಏನನ್ನೂ ಹೇಳದು; ದಿನದಿನವೂ ಇಷ್ಟಿಷ್ಟೇ ಬೆಳೆದ ಹಳೆಯ ಬಿರುಕೇ ಬೇಕು. ಓಬಳಮ್ಮ ತಂದದ್ದು ಅಂಥದ್ದು. ಗುತ್ತಿಗೆದಾರ ಕಸದ ಗಾಡಿಯ ಮುಂದಿನ ಗಾಜು ಬದಲಿಸದೆ ಎರಡು ವರ್ಷ ಟೇಪು ಅಂಟಿಸಿ ಗಾಡಿ ಓಡಿಸಿದ್ದ. ಅವನ ಜಿಪುಣತನವೇ ಸಾಕ್ಷಿಯಾಗಿ ಉಳಿದಿತ್ತು.

2026ರ ಒಂದು ಬೆಳಿಗ್ಗೆ ಬಳ್ಳಾರಿಯಲ್ಲಿ ಬೀದಿ ಗುಡಿಸುತ್ತಿದ್ದ ಓಬಳಮ್ಮನ ತಂಗಿ ಸುಂಕಮ್ಮನ ಮೇಲೆ ಆ ಗುತ್ತಿಗೆದಾರನದೇ ಕಸದ ಗಾಡಿ ಹರಿಯಿತು. ಪೊಲೀಸರು ಹೆಣ ಎತ್ತಿಸಿ, ಪಕ್ಕದ ಬೀದಿ ಗುಡಿಸುತ್ತಿದ್ದ ಓಬಳಮ್ಮನಿಗೆ, "ಟ್ರಾಫಿಕ್ ನಿಂತೈತಿ, ಲಗೂ ಗುಡಿಸು" ಅಂದರು. ತಂಗಿಯ ರಕ್ತದ ಮೇಲೆ ಅಕ್ಕನೇ ಪೊರಕೆ ಆಡಿಸಿದಳು. ಗಾಡಿಯಿಂದ ಆಮೇಲೆ ಕಳಚಿ ಬಿದ್ದ ಗಾಜನ್ನು ಮಾತ್ರ ಕಸಕ್ಕೆ ಹಾಕಲಿಲ್ಲ. ಫೋನಿನಲ್ಲಿ ಮಾತಾಡುತ್ತ ಗಾಡಿ ಓಡಿಸಿದನೆಂದು ಚಾಲಕ ಹುಲುಗಪ್ಪ ಜೈಲಿಗೆ ಹೋದ, ಅಲ್ಲೇ ತೀರಿಕೊಂಡ. ಯಾರ ಜೊತೆ ಮಾತಾಡುತ್ತಿದ್ದ ಎಂಬುದು ಕೊನೆಗೂ ಹೊರಬರಲಿಲ್ಲ.

"ಆಗ ನಾನೇ ಅವಂಗ ಫೋನ್ ಮಾಡಿದ್ದೆ ಮೇಡಮ್ಮ," ಎಂದಳು ಓಬಳಮ್ಮ. "ನಾಯಿ ಕಸ ಎಳದಾಡಾಕತ್ತಾವ, ಲಗೂನ ಬಾ ಅನ್ನಾಕ. ಎತ್ತಿದಂಗಾತು, ಕಟ್ಟಾತು. ನನ್ನ ಫೋನೇ ನನ್ನ ತಂಗೀನ ತಿಂತಾ? ಅದೊಂದು ಹೇಳು, ಸಾಕು. ಗಂಡನ ಮುಂದೂ ಬಾಯಿ ಬಿಟ್ಟಿಲ್ಲ ನಾನು."

"ನಿಮ್ಮ ಗಂಡ ಏನು ಮಾಡ್ತಿದ್ರು?"

"ಅವನೂ ಕಸದ ಗಾಡಿ ಡ್ರೈವರೇ. ಆವತ್ತಿಂದ ಸಾಯೋತನಕ ಫೋನ್ ಮುಟ್ಟಲಿಲ್ಲ. ರಿಂಗಾದ್ರ ಎದ್ದು ಹೊರಗ ಹೋಗಾವ. ನಾದಿನಿ ಮ್ಯಾಲ ಎಷ್ಟು ಜೀವ ಅಂದ್ಕಂಡಿದ್ದೆ."

ಬೆಳಕು ಬಿರುಕಿನ ಕೊನೆಯ ಗೇಣಿಗೆ ಬಂತು. ಸ್ಪೀಕರಿನಲ್ಲಿಟ್ಟ ಫೋನೊಂದರ ದನಿಗಳು ಗಾಜಿನಿಂದ ಎದ್ದವು.

"ಒಂಬತ್ತು?"

"ಹಾಜರ್ರೀ ಸಾಹೇಬ್ರ."

"ಹತ್ತು? ಎಲ್ಲಿ ಸತ್ತೀಯಲೇ?"

"ಸರ್ಕಲ್ಲಿನಾಗ ಅದೀನ್ರಿ, ಬಂದೆ."

ಎಲ್ಲ ಚಾಲಕರನ್ನೂ ಒಂದೇ ಕರೆಯಲ್ಲಿ ಸೇರಿಸಿ ಮೇಲ್ವಿಚಾರಕ ಹಾಜರಿ ಕೂಗುತ್ತಿದ್ದ. ಗಾಡಿಯೂ ಓಡಬೇಕು, ಗಾಡಿಯ ನಂಬರು ಕರೆದಾಗ ದನಿಯೂ ಬರಬೇಕು.

"ಹಾಜರಿ!" ಓಬಳಮ್ಮನ ದನಿ ಗಟ್ಟಿಯಾಯಿತು. "ಹಂಗೊಂದು ಫೋನು ಇಲ್ಲವೇ ಇಲ್ಲಂತ ಡ್ರೈವರೆಲ್ಲಾ ಕೋರ್ಟಿಗೆ ಸಹಿ ಹಾಕಿ ಕೊಟ್ಟಿದ್ರಲ್ಲ!"

ನಡುವೆ ಟೂಂ ಟೂಂ ಎಂದು ಇನ್ನೊಂದು ಕರೆಯ ಸದ್ದು, ತಟ್ಟನೆ ನಿಂತಿತು.

"ಇದು ನಿಮ್ಮದಿರಬೇಕು," ಎಂದರು ಶಾಹೀನ್. "ಅವನು ಎತ್ತಲಿಲ್ಲಮ್ಮ. ಕಟ್ ಮಾಡಿದ."

ಓಬಳಮ್ಮ ಉದ್ದಕ್ಕೆ ಉಸಿರು ಬಿಟ್ಟಳು.

"ಹನ್ನೊಂದು? ಹುಲುಗಪ್ಪಾ?"

"ಹಾಜ..."

ಒಂದು ಕೂಗು. ಧಡ್ ಎಂಬ ಸದ್ದು. ಬಿರುಕು ಅಲ್ಲಿಗೇ ನಿಂತಿರಲಿಲ್ಲ, ನಿಧಾನಕ್ಕೆ ಹರಡುತ್ತಲೇ ಇತ್ತು. ಹಾಗಾಗಿ ದನಿಗಳೂ ನಿಲ್ಲಲಿಲ್ಲ. ಹೊರಗೆ ಒಬ್ಬ ಹೆಂಗಸು ನರಳುತ್ತಿದ್ದಳು.

"ಏನಲೇ ಅದು ಸಪ್ಪಳ? ಯಾರೂ ಲೈನ್ ಬಿಡಬ್ಯಾಡ್ರಿ. ಹನ್ನೆರಡು?"

ಒಂದು ಉಸಿರಿನಷ್ಟು ಮೌನ.

"ಹಾಜರ್ರೀ."

ಶಾಹೀನ್ ಯಂತ್ರ ಆರಿಸಿದರು.

"ಹನ್ನೆರಡು ನಮ್ಮ ಮನಿಯಾವಂದು," ಎಂದಳು ಓಬಳಮ್ಮ. "ನನ್ನ ಗಂಡ. ದುರುಗಪ್ಪ. ರಿಂಗಾದ್ರ ಎದ್ದು ಹೋಗಾವ ಇದಕ್ಕನ."

ಅವಳು ಗಾಜಿನ ಬಿರುಕನ್ನು ಬೆರಳಿನಿಂದ ಕೊನೆಯತನಕ ಸವರಿದಳು.

"ಅವ ಹೋಗಿ ಭಾಳ ವರ್ಷಾತು. ದನಿ ಮರತೇ ಹೋಗಿತ್ತು ನೋಡು," ಎಂದಳು ಕೊನೆಗೆ. "ಇನ್ನೊಂದ್ಸಲ ಹಚ್ಚವ್ವ. ಹನ್ನೆರಡಂತ ಕರದಲ್ಲಿಂದ."

ಸುದ್ದಿ ಹಬ್ಬಿದ ಮೇಲೆ ಊರೂರಿನ ಗುತ್ತಿಗೆದಾರರು ಗುಜರಿಗಳಿಗೆ ನುಗ್ಗಿ ಹಳೆಯ ಗಾಜುಗಳನ್ನೆಲ್ಲ ಪುಡಿ ಮಾಡಿಸತೊಡಗಿದರು. ಎಷ್ಟಂತ ಪುಡಿ ಮಾಡಿಯಾರು? 2058ರಲ್ಲಿ ಅವರು ಹುಡುಕುತ್ತಿದ್ದ ಗಾಜುಗಳು ನಮ್ಮ ಕಾಲದವು, ಈಗಿನ್ನೂ ರಸ್ತೆಯ ಮೇಲಿವೆ. ನಾಳೆ ಬೆಳಿಗ್ಗೆ ಆರೂವರೆಗೆ ನಿಮ್ಮ ಬೀದಿಯ ತಿರುವಿಗೆ ಟೇಪು ಅಂಟಿಸಿದ ಗಾಜಿನ ಗಾಡಿಯೊಂದು ಬರುತ್ತದೆ. ಚಾಲಕನ ಕಿವಿಯಲ್ಲಿ ಯಾರೋ ಎಣಿಸುತ್ತಿರುತ್ತಾರೆ. ತಿರುವಿನಾಚೆ ಒಬ್ಬಳು ಬಾಗಿ ಗುಡಿಸುತ್ತಿರುತ್ತಾಳೆ. ಬಿರುಕು ಇನ್ನೊಂದು ಕೂದಲೆಳೆಯಷ್ಟು ಬೆಳೆಯುತ್ತದೆ.